ಕಿಡ್ನಿ ಕೈಕೊಡುವ ಮೊದಲೇ ಕಿವಿಗೆ ಬೀಳಬೇಕಾದ ಮಾತು

ಮಾನ್ಯ ಸಂಪಾದಕರೇ,

ಪ್ರತಿವರ್ಷ ಮಾರ್ಚ್ ತಿಂಗಳ ಎರಡನೆಯ ಗುರುವಾರ ಆಚರಿಸುವ ವಿಶ್ವ ಮೂತ್ರಪಿಂಡ ದಿನದ ಆಸುಪಾಸಿನಲ್ಲಿ ಕನ್ನಡ ಪತ್ರಿಕೆಗಳಲ್ಲಿ ಕಿಡ್ನಿ ಆರೋಗ್ಯದ ಬಗ್ಗೆ ಲೇಖನಗಳು ಬರುತ್ತವೆ. ಉಪ್ಪು ಕಡಿಮೆ ಮಾಡಿ, ನೋವಿನ ಮಾತ್ರೆಗಳನ್ನು ಮನಬಂದಂತೆ ನುಂಗಬೇಡಿ, ಸಕ್ಕರೆ ಮತ್ತು ಬಿಪಿಯನ್ನು ಹತೋಟಿಯಲ್ಲಿಡಿ ಎಂಬ ಹಿತವಚನ ಅವುಗಳಲ್ಲಿರುತ್ತದೆ. ಅದು ಸರಿಯಾದ ಹಿತವಚನವೇ. ಆದರೆ ಅದನ್ನು ಯಾರಿಗೆ, ಯಾವಾಗ, ಯಾವ ಭಾಷೆಯಲ್ಲಿ, ಮನೆಯ ಯಾರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತೇವೆ ಎಂಬುದರ ಮೇಲೆ ಅದು ಫಲಿಸುವುದೂ ಫಲಿಸದಿರುವುದೂ ನಿಂತಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮೂತ್ರಪಿಂಡ ರೋಗಿಗಳಿಗೆ ಆಹಾರ ಸಲಹೆ ಕೊಡುವ ಕೆಲಸದಲ್ಲಿರುವ ನಾನು ಇದನ್ನು ದಿನನಿತ್ಯ ಕಾಣುತ್ತಿದ್ದೇನೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್ ದೇಶಗಳಿಂದ ವಲಸೆ ಬಂದವರು. ಅವರ ಪಾಡನ್ನು ಕನ್ನಡದ ಓದುಗರಿಗೆ ಹೇಳುವುದಕ್ಕೆ ಕಾರಣವಿದೆ: ಇವರಿಗೆ ಚಿಕಿತ್ಸೆ ಕೊಡುವ ವೈದ್ಯರು, ದಾದಿಯರು, ಔಷಧ ತಜ್ಞರಲ್ಲಿ ಭಾರತೀಯರು ಬಹಳ ಮಂದಿ ಇದ್ದಾರೆ, ಅವರಲ್ಲಿ ಕನ್ನಡಿಗರೂ ಇದ್ದಾರೆ, ಮತ್ತು ಅವರ ಮನೆಯವರು ತಮ್ಮ ಪತ್ರಿಕೆಯನ್ನು ಓದುತ್ತಾರೆ.

ಅಮೆರಿಕದಲ್ಲಿ ಲ್ಯಾಟಿನ್ ಅಮೆರಿಕ ಮೂಲದವರ ಸಂಖ್ಯೆ 6.5 ಕೋಟಿಗೂ ಹೆಚ್ಚು. ಅವರೆಲ್ಲ ವಲಸಿಗರಲ್ಲ, ತಲೆಮಾರುಗಳಿಂದ ಅಲ್ಲೇ ಬಾಳಿದವರೂ ಇದ್ದಾರೆ. ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಅಂದಾಜಿನಂತೆ ಈ ಸಮುದಾಯದ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೀವಮಾನದಲ್ಲಿ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯಿದೆ. ದೇಶದ ಒಟ್ಟು ವಯಸ್ಕರಲ್ಲಿ ಈ ಪ್ರಮಾಣ ನೂರಕ್ಕೆ 40ರಷ್ಟು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವೇ ಅಲ್ಲಿ ಕಿಡ್ನಿ ಹಾಳಾಗುವುದಕ್ಕೆ ಮುಖ್ಯ ಕಾರಣಗಳಾದ್ದರಿಂದ, ಕಿಡ್ನಿ ಪೂರ್ತಿ ನಿಂತುಹೋಗುವ ಪ್ರಮಾಣವೂ ಬಿಳಿಯರಿಗಿಂತ ಇವರಲ್ಲಿ ಹೆಚ್ಚು. ಈ ಕಾಯಿಲೆ ಸದ್ದಿಲ್ಲದೆ ಬೆಳೆಯುವಂಥದು. ದೇಶದ ಏಳು ವಯಸ್ಕರಲ್ಲಿ ಒಬ್ಬರಿಗೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಿದ್ದು, ಅಂಥ ಹತ್ತು ಜನರಲ್ಲಿ ಒಂಬತ್ತರಷ್ಟು ಮಂದಿಗೆ ಅದು ತಮಗಿದೆ ಎಂಬುದೇ ಗೊತ್ತಿಲ್ಲ. ಕಾಲು ಊದಿಕೊಳ್ಳುವ, ಉಸಿರು ಸಿಕ್ಕಿಕೊಳ್ಳುವ, ಬಾಯಿ ರುಚಿ ಕೆಡುವ ಹೊತ್ತಿಗೆ ಕಿಡ್ನಿಯ ಹೆಚ್ಚಿನ ಭಾಗ ಹೋಗಿಯಾಗಿರುತ್ತದೆ. ಅದಕ್ಕಿಂತ ವರ್ಷಗಳ ಮೊದಲೇ ಸುಳಿವು ಕೊಡಬಲ್ಲ ಪರೀಕ್ಷೆಗಳು ಎರಡೇ ಎರಡು: ರಕ್ತದಲ್ಲಿನ ಕಲ್ಮಶವಾದ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ, ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಎಂದು ತೋರಿಸುವ ಸೋಸುವಿಕೆಯ ಪ್ರಮಾಣ, ಮತ್ತು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂದು ನೋಡುವ ಪರೀಕ್ಷೆ. ಎರಡೂ ದುಬಾರಿಯಲ್ಲ. ಹಾಗಿದ್ದೂ ನನ್ನೆದುರು ಕೂರುವ ಎಷ್ಟೋ ಮಂದಿ, ಹತ್ತಾರು ವರ್ಷ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿದವರೂ, ಮೂತ್ರದ ಈ ಪರೀಕ್ಷೆಯ ಹೆಸರನ್ನು ಮೊದಲ ಬಾರಿಗೆ ಕೇಳುವುದು ಡಯಾಲಿಸಿಸ್ ಕುರ್ಚಿಯಲ್ಲಿ ಕುಳಿತ ಮೇಲೆ.

ಹೀಗೆ ತಡವಾಗುವುದಕ್ಕೆ ರೋಗಿಯ ಅಲಕ್ಷ್ಯವೊಂದೇ ಕಾರಣವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಒಂದು ದೊಡ್ಡ ಕೆಲಸ ಮಾಡಿತು. ಕಿಡ್ನಿ ಪೂರ್ತಿ ವಿಫಲವಾದವರಿಗೆ, ವಯಸ್ಸು ಎಷ್ಟೇ ಇರಲಿ, ಮುಖ್ಯವಾಗಿ ಹಿರಿಯರಿಗಾಗಿ ಇರುವ ಮೆಡಿಕೇರ್ ಎಂಬ ಸರ್ಕಾರಿ ವಿಮೆಯ ಮೂಲಕ ಡಯಾಲಿಸಿಸ್ ಮತ್ತು ಕಿಡ್ನಿ ಕಸಿಯ ವೆಚ್ಚ ಭರಿಸುವ ವ್ಯವಸ್ಥೆ ತಂದಿತು. ಒಂದು ಅಂಗದ ಕಾಯಿಲೆಗಾಗಿ ಒಂದು ದೇಶ ಇಷ್ಟು ಉದಾರವಾಗಿ ನಡೆದುಕೊಂಡ ಉದಾಹರಣೆ ಹೆಚ್ಚಿಲ್ಲ. ಆದರೆ ಕಾನೂನುಬದ್ಧ ವಾಸದ ಕಾಗದಪತ್ರವಿಲ್ಲದ ವಲಸಿಗರು ಎಷ್ಟೇ ವರ್ಷ ದುಡಿದಿದ್ದರೂ, ಸಂಬಳದಿಂದ ತೆರಿಗೆ ಕಡಿತವಾಗುತ್ತಿದ್ದರೂ, ಆ ವ್ಯವಸ್ಥೆಯ ಹೊರಗೇ ಉಳಿದರು. ತಿಳಿವಳಿಕೆಯ ವಿಷಯದಲ್ಲಿಯೂ ಹೀಗೆಯೇ ಆಯಿತು. 2010ರಿಂದ ಮೆಡಿಕೇರ್, ಕಾಯಿಲೆ ನಾಲ್ಕನೆಯ ಹಂತ ತಲುಪಿದವರಿಗೆ ಆರು ಬೋಧನಾ ಅವಧಿಗಳ ವೆಚ್ಚ ಕೊಡುತ್ತದೆ. ನಾಲ್ಕನೆಯ ಹಂತವೆಂದರೆ ಸೋಸುವಿಕೆಯ ಪ್ರಮಾಣ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕೆಳಗೆ ಇಳಿದಿರುವುದು. ಕಾಯಿಲೆಯನ್ನು ನಿಧಾನಗೊಳಿಸಲು ಹೆಚ್ಚು ಅವಕಾಶವಿರುವ ಎರಡನೆಯ, ಮೂರನೆಯ ಹಂತದ ರೋಗಿಗೆ ಈ ಬೋಧನೆ ಇಲ್ಲ. ಮೆಡಿಕೇರ್ ಇಲ್ಲದ ಐವತ್ತು ವರ್ಷದ ಕಟ್ಟಡ ಕೂಲಿಗಂತೂ ಯಾವ ಹಂತದಲ್ಲಿಯೂ ಇಲ್ಲ. ಯಾರಿಗೆ ತಿಳಿವಳಿಕೆಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತೋ ಅವರನ್ನೇ ಬಿಟ್ಟು ಉಳಿದವರಿಗೆ ಬಾಗಿಲು ತೆರೆದಂತಾಗಿದೆ.

ಬೋಧನೆ ತಡವಾದರೆ ಆಗುವ ನಷ್ಟ ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಡಯಾಲಿಸಿಸ್‌ಗೆ ತೋಳಿನಲ್ಲಿ ಫಿಸ್ಟುಲಾ (ಅಪಧಮನಿಯನ್ನು ಅಭಿಧಮನಿಗೆ ಸೇರಿಸುವ ಜೋಡಣೆ) ಮಾಡಿಸಿದರೆ ಅದು ಬಳಕೆಗೆ ಬರಲು ಎರಡು ಮೂರು ತಿಂಗಳು ಬೇಕು. ಮೊದಲೇ ಗೊತ್ತಿದ್ದವರು ಅದನ್ನು ಮಾಡಿಸಿಕೊಂಡು ಸಿದ್ಧರಾಗಿರುತ್ತಾರೆ. ಗೊತ್ತಿಲ್ಲದವರು ತುರ್ತು ಚಿಕಿತ್ಸಾ ಘಟಕಕ್ಕೆ ಬಂದು ಬೀಳುತ್ತಾರೆ, ಕುತ್ತಿಗೆಯ ರಕ್ತನಾಳಕ್ಕೆ ಕೊಳವೆ ತೂರಿಸಿ ಡಯಾಲಿಸಿಸ್ ಆರಂಭಿಸಬೇಕಾಗುತ್ತದೆ, ಆ ಕೊಳವೆಯ ಮೂಲಕ ಸೋಂಕು ರಕ್ತಕ್ಕೆ ಸೇರುವ ಅಪಾಯ ಬಹಳ ಹೆಚ್ಚು. ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ ಒಂದಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಸೋಸುವಿಕೆಯ ಪ್ರಮಾಣ 20ಕ್ಕೆ ಇಳಿದಾಗಲೇ ಕಸಿಯ ಕಾಯುವ ಪಟ್ಟಿಗೆ ಹೆಸರು ಸೇರಿಸಬಹುದು ಎಂಬುದೂ ತಿಳಿದಿರುವುದಿಲ್ಲ. ಇದರ ಇನ್ನೊಂದು ಪರಿಣಾಮ ಸಮುದಾಯದ ಮನಸ್ಸಿನ ಮೇಲೆ ಆಗುತ್ತದೆ. ಇನ್ಸುಲಿನ್ ತೆಗೆದುಕೊಂಡರೆ ಕಣ್ಣು ಹೋಗುತ್ತದೆ, ಡಯಾಲಿಸಿಸ್‌ಗೆ ಹೋದವರು ಬದುಕುವುದಿಲ್ಲ ಎಂಬ ನಂಬಿಕೆ ಈ ವಲಸಿಗರಲ್ಲಿ ವ್ಯಾಪಕವಾಗಿದೆ. ಇದನ್ನು ಅಜ್ಞಾನವೆಂದು ಬದಿಗೆ ಸರಿಸುವ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಆದರೆ ಅವರ ಚಿಕ್ಕಪ್ಪನೋ ಅತ್ತೆಯೋ ಇನ್ಸುಲಿನ್ ಆರಂಭಿಸಿದ್ದು ಕಾಯಿಲೆ ಕೈಮೀರಿದ ಮೇಲೆ, ಡಯಾಲಿಸಿಸ್‌ಗೆ ಹೋದದ್ದು ಪ್ರಾಣ ಹೋಗುವ ಸ್ಥಿತಿಯಲ್ಲಿ. ಆಮೇಲೆ ನಡೆದದ್ದನ್ನು ಮನೆಯವರೆಲ್ಲ ಕಣ್ಣಾರೆ ಕಂಡಿದ್ದಾರೆ. ಅವರ ತೀರ್ಮಾನ ತಪ್ಪಿರಬಹುದು, ಆದರೆ ಅವರು ಕಂಡದ್ದು ಸುಳ್ಳಲ್ಲ. ಇಲ್ಲಿಂದ ಮಾತು ಆರಂಭಿಸಿದವರಿಗೆ ಮಾತ್ರ ಅವರು ಕಿವಿಗೊಡುತ್ತಾರೆ.

ಕಾಗದಪತ್ರವಿಲ್ಲದವರ ಸ್ಥಿತಿ ಇದಕ್ಕಿಂತ ಘೋರ. 1986ರ ಒಂದು ಕಾಯಿದೆಯ ಪ್ರಕಾರ ತುರ್ತು ಸ್ಥಿತಿಯಲ್ಲಿ ಬಂದ ಯಾರನ್ನೂ ಆಸ್ಪತ್ರೆಗಳು ಹಿಂದಕ್ಕೆ ಕಳುಹಿಸುವಂತಿಲ್ಲ. ಆದರೆ ವಾರಕ್ಕೆ ಮೂರು ಬಾರಿ ಬೇಕಾಗುವ ಡಯಾಲಿಸಿಸ್ ತುರ್ತು ಚಿಕಿತ್ಸೆಯ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ರಾಜ್ಯಗಳು ತಮತಮಗೆ ತೋಚಿದಂತೆ ತೀರ್ಮಾನಿಸಿದವು. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಅನೇಕರಿಗೆ ಪ್ರಾಣಕ್ಕೆ ಅಪಾಯ ಬಂದಾಗ ಮಾತ್ರ ಡಯಾಲಿಸಿಸ್ ದೊರೆಯುತ್ತದೆ. ಅಂದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬೇಕು, ಅಥವಾ ರಕ್ತದಲ್ಲಿ ಪೊಟ್ಯಾಸಿಯಂ ಹೃದಯ ನಿಲ್ಲಿಸುವ ಮಟ್ಟಕ್ಕೆ ಏರಬೇಕು. ಡೆನ್ವರ್‌ನ ವೈದ್ಯೆ ಲಿಲಿಯಾ ಸರ್ವಾಂಟೆಸ್ ಮತ್ತು ಸಂಗಡಿಗರು ಹೀಗೆ ತುರ್ತು ಡಯಾಲಿಸಿಸ್ ಮಾತ್ರ ದೊರೆಯುತ್ತಿದ್ದ ಡೆನ್ವರ್ ಮತ್ತು ಹ್ಯೂಸ್ಟನ್‌ನ ರೋಗಿಗಳನ್ನು, ಕ್ರಮಬದ್ಧ ಡಯಾಲಿಸಿಸ್ ದೊರೆಯುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದ ರೋಗಿಗಳೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷಗಳಲ್ಲಿ ಸಾವಿನ ಅಪಾಯ ಹದಿನಾಲ್ಕು ಪಟ್ಟು ಹೆಚ್ಚೆಂದು ಕಂಡುಬಂತು. ಅದಕ್ಕೂ ಮುಂಚೆ ಇದೇ ವೈದ್ಯೆ ರೋಗಿಗಳೊಂದಿಗೆ ನಡೆಸಿದ ಸಂದರ್ಶನಗಳಲ್ಲಿ, ಪೊಟ್ಯಾಸಿಯಂ ಇನ್ನೂ ಸಾಕಷ್ಟು ಏರಿಲ್ಲವೆಂದು ಹಿಂದಕ್ಕೆ ಕಳುಹಿಸಲ್ಪಟ್ಟವರು ಚಿಕಿತ್ಸೆ ಸಿಗಲೆಂದೇ ಪೊಟ್ಯಾಸಿಯಂ ಹೆಚ್ಚಿರುವ ಪದಾರ್ಥ ತಿಂದು ಬರುವ ಸಂಗತಿ ಹೊರಬಿತ್ತು.

ಆಹಾರ ಸಲಹೆಗಾರ್ತಿಯಾಗಿ ಈ ಸಂಗತಿ ನನ್ನನ್ನು ಬಿಟ್ಟೂಬಿಡದೆ ಕಾಡಿದೆ. ಕಿತ್ತಳೆ ರಸ, ಬಾಳೆಹಣ್ಣು ಬೇಡ ಎಂದು ನಾವು ಕಲಿಸಿದ ಪಾಠವನ್ನು ಅವರು ಚೆನ್ನಾಗಿಯೇ ಕಲಿತಿದ್ದಾರೆ, ಮತ್ತು ಬದುಕಲು ಅದನ್ನು ತಲೆಕೆಳಗು ಮಾಡಿ ಬಳಸಬೇಕಾಗಿದೆ. ಚಿಕಿತ್ಸೆಯ ಬಾಗಿಲು ಮುಚ್ಚಿಟ್ಟು ಬರಿಯ ತಿಳಿವಳಿಕೆ ಹಂಚುವ ವ್ಯವಸ್ಥೆಯನ್ನು ಆರೋಗ್ಯ ಶಿಕ್ಷಣವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಇದನ್ನು ಬದಲಾಯಿಸಲು ಸಾಧ್ಯವೆಂಬುದಕ್ಕೆ ಡೆನ್ವರ್ ಇರುವ ಕೊಲೊರಾಡೊ ರಾಜ್ಯವೇ ಸಾಕ್ಷಿ. 2019ರ ಫೆಬ್ರುವರಿಯಿಂದ ಅದು ಕಿಡ್ನಿ ವೈಫಲ್ಯವನ್ನೇ ತುರ್ತು ಸ್ಥಿತಿಯೆಂದು ಪರಿಗಣಿಸಿ ಎಲ್ಲರಿಗೂ ಕ್ರಮಬದ್ಧ ಡಯಾಲಿಸಿಸ್ ಒದಗಿಸುತ್ತಿದೆ. ಅಲ್ಲಿ ಹೊಸ ಕಾನೂನೇನೂ ಬೇಕಾಗಲಿಲ್ಲ, ಇದ್ದ ನಿಯಮದ ಅರ್ಥವನ್ನು ಸ್ಪಷ್ಟಪಡಿಸಿದ್ದಷ್ಟೆ.

ಭಾಷೆಯ ವಿಷಯ. ಅಮೆರಿಕದ ಆಸ್ಪತ್ರೆಗಳು ರೋಗಿಗೆ ಅರ್ಹ ದುಭಾಷಿಯನ್ನು ಒದಗಿಸಬೇಕು, ತುರ್ತಿನ ಹೊರತು ಚಿಕ್ಕ ಮಕ್ಕಳಿಂದ ಅನುವಾದ ಮಾಡಿಸಬಾರದು ಎಂಬ ನಿಯಮ 2016ರಿಂದ ಸ್ಪಷ್ಟವಾಗಿ ಇದೆ. ಆದರೂ ಹನ್ನೆರಡು ಹದಿಮೂರು ವರ್ಷದ ಮಗಳು ತನ್ನ ತಾಯಿಗೆ, ಅಮ್ಮಾ, ನಿನ್ನ ಕಿಡ್ನಿ ಪೂರ್ತಿ ಹೋಗಿದೆಯಂತೆ ಎಂದು ಹೇಳಬೇಕಾಗಿ ಬಂದ ಸಂದರ್ಭಗಳನ್ನು ನಾನು ನೋಡಿದ್ದೇನೆ. ಆ ಮಗು ಅರ್ಧ ಮಾತನ್ನು ನುಂಗಿಕೊಳ್ಳುತ್ತದೆ. ತಾಯಿಯೂ ಮಗಳ ಎದುರು ಕೇಳಬೇಕಾದದ್ದನ್ನು ಕೇಳುವುದಿಲ್ಲ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಬಂದು ಅಲ್ಲಿ ಆಸ್ಪತ್ರೆ ಸೇರಿದ ನಮ್ಮ ಹಿರಿಯರಿಗೂ ಇದರ ಅನುಭವವಿರುತ್ತದೆ: ಮಗನೋ ಸೊಸೆಯೋ ವೈದ್ಯರ ಹತ್ತು ವಾಕ್ಯವನ್ನು ಒಂದು ವಾಕ್ಯಕ್ಕೆ ಇಳಿಸಿ, ಏನಿಲ್ಲವಂತೆ, ಗಾಬರಿ ಬೇಡ ಎಂದುಬಿಡುತ್ತಾರೆ.

ಸ್ಪ್ಯಾನಿಷ್ ದುಭಾಷಿ ಬಂದರೆ ಎಲ್ಲವೂ ಬಗೆಹರಿಯಿತೆಂದು ತಿಳಿಯುವುದೂ ಸರಿಯಲ್ಲ. ಗ್ವಾಟೆಮಾಲಾದ ಮಲೆನಾಡಿನಿಂದ ಬಂದವರ ಮನೆಮಾತು ಮಾಮ್, ಕಿಚೆ ಮೊದಲಾದ ಮಾಯಾ ಭಾಷೆಗಳು. ದಕ್ಷಿಣ ಮೆಕ್ಸಿಕೊದ ಒಹಾಕಾದಿಂದ ಬಂದವರದು ಮಿಷ್ಟೆಕ್ ಅಥವಾ ಜಪೊಟೆಕ್. ಅವರಿಗೆ ಸ್ಪ್ಯಾನಿಷ್ ಶಾಲೆಯ, ಸರ್ಕಾರಿ ಕಚೇರಿಯ ಭಾಷೆ. ಶಾಲೆಗೆ ಹೋಗದವರಿಗೆ ಅದೂ ಪೂರ್ತಿ ಬರುವುದಿಲ್ಲ. ಸೌಜನ್ಯಕ್ಕೆ ತಲೆಯಾಡಿಸುತ್ತಾರೆ, ನಾವು ಅರ್ಥವಾಯಿತೆಂದು ಬರೆದುಕೊಳ್ಳುತ್ತೇವೆ. ಇಂಥ ಕಡೆ ಅಚ್ಚಾದ ಕರಪತ್ರಕ್ಕಿಂತ ರೇಡಿಯೊ ಎಷ್ಟೋ ಮೇಲು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದಿಂದ 1980ರಿಂದ ಪ್ರಸಾರವಾಗುತ್ತಿರುವ ರೇಡಿಯೊ ಬಿಲಿಂಗ್ವೆ ಎಂಬ ಬಾನುಲಿ ಜಾಲ ಮಿಷ್ಟೆಕ್ ಸಮುದಾಯಕ್ಕಾಗಿಯೇ ಪ್ರತ್ಯೇಕ ಕಾರ್ಯಕ್ರಮ ನಡೆಸುತ್ತಾ ಬಂದಿದೆ. ಹೊಲದ ಕೆಲಸಗಾರರಿಗೆ ಆರೋಗ್ಯದ ಮಾತು ಕೇಳಿಸಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹಾಗೆಯೇ ಪ್ರೊಮೊತೊರಾ ಎಂದು ಕರೆಯುವ ಸಮುದಾಯದ ಆರೋಗ್ಯ ಕಾರ್ಯಕರ್ತೆಯರಿದ್ದಾರೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಇವರೂ ಅದೇ ಬೀದಿಯವರು. ಮನೆಗೆ ಹೋಗಿ ಅಡುಗೆಮನೆಯಲ್ಲಿ ಕುಳಿತು ಮಾತಾಡುವ ಇವರು ಮೂಡಿಸುವ ನಂಬಿಕೆಯನ್ನು ಬಿಳಿ ಕೋಟು ತೊಟ್ಟ ನಾವು ಮೂಡಿಸಲಾರೆವು. ಹೀಗಿದ್ದೂ ಇವರ ಸಂಬಳ ಬಹುಪಾಲು ಕಡೆ ಅಂದಂದಿನ ಅನುದಾನದ ಮೇಲೆ ನಿಂತಿದೆ; ಅನುದಾನ ಮುಗಿದ ದಿನ ಕೆಲಸವೂ ಮುಗಿಯುತ್ತದೆ.

ಇನ್ನು ಊಟ. ಈ ಬಗ್ಗೆ ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಬೋಧನೆಯ ಹೆಸರಿನಲ್ಲಿ ಅತಿ ಹೆಚ್ಚು ಅನ್ಯಾಯ ನಡೆಯುವುದು ಇಲ್ಲಿಯೇ. ಬಹುತೇಕ ಕಡೆ ಕೊಡುವ ಪಟ್ಟಿ ಇಂಗ್ಲಿಷ್ ಅಡುಗೆಮನೆಗೆ ಬರೆದದ್ದು. ಅದನ್ನೇ ಸ್ಪ್ಯಾನಿಷ್‌ಗೆ ತಿರುಗಿಸಿರುತ್ತಾರೆ. ಅದರಲ್ಲಿ ಬೀನ್ಸ್ ಬೇಡ, ಟೊಮೆಟೊ ಬೇಡ, ಆವಕಾಡೊ ಬೇಡ ಎಂದಿರುತ್ತದೆ. ಮೂರು ಹೊತ್ತೂ ತೋರ್ತಿಯಾ ಎಂಬ ಮೆಕ್ಕೆಜೋಳದ ರೊಟ್ಟಿ, ಹುರುಳಿಕಾಯಿಯ ಒಣಬೀಜದ ಪಲ್ಯ, ಟೊಮೆಟೊ ಮೆಣಸಿನಕಾಯಿಯ ಸಾಲ್ಸಾ ತಿಂದು ಬೆಳೆದವರಿಗೆ ಅದು ನೀನು ಊಟವನ್ನೇ ಬಿಡು ಎಂದಂತೆ ಕೇಳಿಸುತ್ತದೆ. ಒಂದು ವಾರ ಪ್ರಯತ್ನಿಸಿ ಕೈಬಿಡುತ್ತಾರೆ. ನಿಜ ಹೇಳಬೇಕೆಂದರೆ ಅವರ ಸಾಂಪ್ರದಾಯಿಕ ಊಟ ಕಿಡ್ನಿಗೆ ಅಷ್ಟೇನೂ ವೈರಿಯಲ್ಲ. ಮೆಕ್ಕೆಜೋಳದ ತೋರ್ತಿಯಾದಲ್ಲಿ ಉಪ್ಪು ಬಹಳ ಕಡಿಮೆ; ಅಂಗಡಿಯ ಮೈದಾ ತೋರ್ತಿಯಾದಲ್ಲಿ ಉಪ್ಪೂ ಇದೆ, ಉಬ್ಬಲು ಹಾಕುವ ಪುಡಿಯ ಮೂಲಕ ದುರ್ಬಲ ಕಿಡ್ನಿ ಹೊರಹಾಕಲಾರದ ರಂಜಕವೂ (ಫಾಸ್ಫರಸ್) ಸೇರುತ್ತದೆ. ಬೀಜ ಬೇಳೆಗಳಲ್ಲಿರುವ ರಂಜಕದಲ್ಲಿ ಅರ್ಧಕ್ಕಿಂತ ಕಡಿಮೆಯನ್ನು ಮಾತ್ರ ದೇಹ ಹೀರಿಕೊಳ್ಳುತ್ತದೆ. ಆದರೆ ಕಪ್ಪು ಕೋಲಾ ಪಾನೀಯಗಳಲ್ಲಿ, ಸಂಸ್ಕರಿಸಿದ ಮಾಂಸದಲ್ಲಿ, ಪೊಟ್ಟಣದ ತಿಂಡಿಗಳಲ್ಲಿ ಸೇರಿಸುವ ರಂಜಕವನ್ನು ಬಹುಪಾಲು ಹೀರಿಕೊಂಡುಬಿಡುತ್ತದೆ. ಹಾಗಾಗಿ ಅಜ್ಜಿ ಮಾಡುತ್ತಿದ್ದ ಬೀನ್ಸ್ ಅನ್ನು ಅಳತೆಯಲ್ಲಿ ತಿನ್ನಿ, ಸೋಡಾ ಬಾಟಲಿಯನ್ನು ಮನೆಗೆ ತರಬೇಡಿ ಎಂಬ ಒಂದು ಮಾತು ಇಡೀ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆಲೂಗಡ್ಡೆಯನ್ನು ಹೆಚ್ಚಿ ನೀರಿನಲ್ಲಿ ಬೇಯಿಸಿ ಆ ನೀರು ಚೆಲ್ಲಿ ಮತ್ತೆ ಹೊಸ ನೀರಿನಲ್ಲಿ ಬೇಯಿಸಿದರೆ ಪೊಟ್ಯಾಸಿಯಂ ಗಣನೀಯವಾಗಿ ಇಳಿಯುತ್ತದೆ. ನಿಂಬೆಹುಳಿ, ಕೊತ್ತಂಬರಿ ಸೊಪ್ಪು, ಒಣಮೆಣಸು ಅವರ ಅಡುಗೆಯಲ್ಲಿ ಮೊದಲಿನಿಂದಲೂ ಇವೆ. ಉಪ್ಪು ಕಡಿಮೆ ಮಾಡಿದಾಗ ನಾಲಿಗೆಗೆ ಒದಗುವುದು ಅವೇ. ಇದನ್ನೆಲ್ಲ ರೋಗಿಯೊಬ್ಬನಿಗೆ ಹೇಳಿದರೆ ಸಾಲದು. ಅಡುಗೆ ಮಾಡುವವರು ಹೆಂಡತಿಯೋ ತಾಯಿಯೋ ಆಗಿರುತ್ತಾರೆ, ಅವರು ಕೋಣೆಯ ಹೊರಗೆ ಕಾಯುತ್ತಿರುತ್ತಾರೆ.

ಒಂದು ಹಣ್ಣಿನ ಬಗ್ಗೆ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ನಮ್ಮಲ್ಲಿ ಕಮರಾಕ್ಷಿ, ಧಾರೆಹುಳಿ ಎಂದು ಕರೆಯುವ, ಅವರು ಕರಾಂಬೊಲಾ ಎನ್ನುವ ನಕ್ಷತ್ರಾಕಾರದ ಹಣ್ಣು ಕಿಡ್ನಿ ದುರ್ಬಲವಾದವರ ಮಿದುಳಿಗೆ ವಿಷವಾಗುತ್ತದೆ. ಬಿಡದ ಬಿಕ್ಕಳಿಕೆಯಿಂದ ಆರಂಭವಾಗಿ ಫಿಟ್ಸ್ ಮತ್ತು ಸಾವಿನವರೆಗೆ ಹೋದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಮಲೆನಾಡು, ಕರಾವಳಿಯ ಓದುಗರೂ ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ನೀರಿನ ಬಗ್ಗೆ ಹೇಳುವಾಗಲೂ ಯಾರಿಗೆ ಹೇಳುತ್ತಿದ್ದೇವೆಂದು ನೋಡಬೇಕು. ಎಲ್ ಸಾಲ್ವಡಾರ್ ಮತ್ತು ನಿಕರಾಗುವಾದ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೂ ಬಿಪಿಯೂ ಇಲ್ಲದ ಯುವಕರ ಕಿಡ್ನಿ ಹಾಳಾಗುತ್ತಿರುವುದನ್ನು ವೈದ್ಯರು ವರದಿ ಮಾಡಿದ ಬಳಿಕ, ಸುಡುಬಿಸಿಲಿನ ದುಡಿಮೆ ಮತ್ತು ನಿರ್ಜಲೀಕರಣದ ಕಡೆಗೆ ಸಂಶೋಧಕರ ಗಮನ ಹೋಯಿತು. ಆಂಧ್ರದ ಉದ್ದಾನಂ ಪ್ರದೇಶದಲ್ಲಿಯೂ ಕಾರಣ ಸ್ಪಷ್ಟವಾಗದ ಇಂಥದೇ ಕಾಯಿಲೆಯಿದೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಸುಮಾರು 300 ಕೆಲಸಗಾರರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯ ಒಂದೇ ದಿನದ ದುಡಿಮೆಯ ಕೊನೆಗೆ ನೂರಕ್ಕೆ ಸುಮಾರು 12 ಮಂದಿಯ ಕಿಡ್ನಿಗೆ ಪೆಟ್ಟು ಬಿದ್ದಿರುವುದು ಕಂಡುಬಂತು. ದಿನಗೂಲಿಗಿಂತ ಕೊಯ್ದ ಬುಟ್ಟಿಯ ಲೆಕ್ಕದಲ್ಲಿ ಕೂಲಿ ಪಡೆಯುವವರಲ್ಲಿ ಅಪಾಯ ಹೆಚ್ಚಿತ್ತು, ಏಕೆಂದರೆ ನೀರಿಗೆ ಹೋದಷ್ಟು ಹೊತ್ತು ಕೂಲಿ ನಷ್ಟ. ಕ್ಯಾಲಿಫೋರ್ನಿಯಾ 2005ರಲ್ಲಿಯೇ ನೀರು, ನೆರಳು, ವಿಶ್ರಾಂತಿ ಕೊಡಬೇಕೆಂದು ನಿಯಮ ಮಾಡಿತು. ನಾನಿರುವ ಟೆಕ್ಸಾಸ್‌ನಲ್ಲಿ, ಕಟ್ಟಡ ಕಾರ್ಮಿಕರಿಗೆ ನೀರು ಕುಡಿಯಲು ಬಿಡುವು ಕೊಡಬೇಕೆಂದು ಆಸ್ಟಿನ್ ಮತ್ತು ಡಲ್ಲಾಸ್ ನಗರಗಳು ಮಾಡಿದ್ದ ನಿಯಮಗಳನ್ನು ಅಸಿಂಧುಗೊಳಿಸುವ ಕಾಯಿದೆಗೆ 2023ರಲ್ಲಿ ಸಹಿ ಬಿತ್ತು. ಆ ಕಾರ್ಮಿಕನಿಗೆ ನೀರು ಕುಡಿಯಿರಿ ಎಂದು ಹೇಳುವ ನಾವು, ಬಿಡುವು ಕೊಡಿ ಎಂದು ಶಾಸಕರಿಗೂ ಗುತ್ತಿಗೆದಾರರಿಗೂ ಹೇಳದಿದ್ದರೆ ಅರ್ಧ ಕೆಲಸವನ್ನಷ್ಟೇ ಮಾಡಿದಂತೆ. ಸಂಜೆ ಮೈಕೈ ನೋವಿಗೆ ಅವರು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಆ ಬಳಲಿದ ಕಿಡ್ನಿಗೆ ಇನ್ನೊಂದು ಏಟು ಎಂಬುದನ್ನೂ ಕೂಲಿಗೆ ಸೇರಿದ ಮೊದಲ ದಿನವೇ ತಿಳಿಸಬೇಕು.

ಕುಟುಂಬವನ್ನು ಜೊತೆಗೆ ಕೂರಿಸಿಕೊಂಡು ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಷಿಕಾಗೊದ ನಾರ್ತ್‌ವೆಸ್ಟರ್ನ್ ಸಂಸ್ಥೆ 2006ರಲ್ಲಿ ಆರಂಭಿಸಿದ ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದವರ) ಕಿಡ್ನಿ ಕಸಿ ಕಾರ್ಯಕ್ರಮ ಒಳ್ಳೆಯ ನಿದರ್ಶನ. ಅಲ್ಲಿ ಶಸ್ತ್ರವೈದ್ಯರಿಂದ ಹಿಡಿದು ಸಮಾಜ ಕಾರ್ಯಕರ್ತರವರೆಗೆ ಸ್ಪ್ಯಾನಿಷ್ ಬಲ್ಲವರೇ ಇದ್ದು, ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳೆಲ್ಲರೂ ಬೋಧನೆಗೆ ಬರುತ್ತಾರೆ. ಕಿಡ್ನಿ ಕೊಟ್ಟರೆ ಮುಂದೆ ಮಕ್ಕಳಾಗುವುದಿಲ್ಲವೇ, ಭಾರದ ಕೆಲಸ ಮಾಡಲಾಗುವುದಿಲ್ಲವೇ, ಖರ್ಚು ಯಾರದು ಎಂಬ ಪ್ರಶ್ನೆಗಳನ್ನು ಎಲ್ಲರೆದುರು ಕೇಳಿ ಉತ್ತರ ಪಡೆಯುತ್ತಾರೆ. ಆ ಕಾರ್ಯಕ್ರಮದ ಬಳಿಕ ಅಲ್ಲಿ ಈ ಸಮುದಾಯದೊಳಗೆ ಜೀವಂತ ದಾನಿಗಳಿಂದ ನಡೆದ ಕಸಿಗಳು ಗಮನಾರ್ಹವಾಗಿ ಹೆಚ್ಚಾದವು. ತಾನಾಗಿ ಬಾಯಿಬಿಟ್ಟು ತಮ್ಮನ ಬಳಿ ಕಿಡ್ನಿ ಕೇಳಲಾರದ ಅಣ್ಣನ ಸಂಕೋಚ ನಮಗೇನೂ ಹೊಸದಲ್ಲ.

ಅಮೆರಿಕದ ಕನ್ನಡಿಗ ವೈದ್ಯರಲ್ಲಿ, ದಾದಿಯರಲ್ಲಿ, ಕನ್ನಡ ಕೂಟಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಮನವಿಯಿದೆ. ನಮ್ಮ ಕೂಟಗಳು, ದೇವಾಲಯಗಳು ಆಗಾಗ ಆರೋಗ್ಯ ಶಿಬಿರಗಳನ್ನು ನಡೆಸುತ್ತವೆ. ಅಲ್ಲಿ ಸಕ್ಕರೆ, ಬಿಪಿ ನೋಡುತ್ತಾರೆ, ಮೂತ್ರದ ಅಲ್ಬುಮಿನ್ ನೋಡುವುದು ಅಪರೂಪ. ಸಕ್ಕರೆ ಕಾಯಿಲೆ ನಮ್ಮಲ್ಲಿಯೂ ಮನೆಮನೆಯಲ್ಲಿ ಇರುವುದರಿಂದ ಆ ಪರೀಕ್ಷೆಯನ್ನು ನಮ್ಮವರಿಗಾಗಿಯಾದರೂ ಸೇರಿಸಬೇಕು. ಸೇರಿಸಿದ ಮೇಲೆ, ಅದೇ ಸಭಾಂಗಣವನ್ನು ಗುಡಿಸುವ, ಹಬ್ಬದ ಪಾತ್ರೆ ತೊಳೆಯುವ, ನಮ್ಮ ಮನೆಗಳ ಹುಲ್ಲು ಕತ್ತರಿಸುವ, ಚಾವಣಿ ಹೊದಿಸುವ ಲ್ಯಾಟಿನೊ ಕೆಲಸಗಾರರನ್ನೂ ಅವರ ಮನೆಯವರೊಂದಿಗೆ ಆ ಶಿಬಿರಕ್ಕೆ ಕರೆಯಬೇಕು. ಸ್ಪ್ಯಾನಿಷ್ ಬಲ್ಲ ಇಬ್ಬರನ್ನು ನಿಲ್ಲಿಸಬೇಕು, ಸಾಧ್ಯವಾದರೆ ಆ ಊರಿನ ಪ್ರೊಮೊತೊರಾ ಒಬ್ಬರನ್ನು ಗೌರವಧನ ಕೊಟ್ಟು ಕರೆಸಬೇಕು. ನಮೂನೆಯಲ್ಲಿ ವೀಸಾ, ಪೌರತ್ವದ ಪ್ರಶ್ನೆ ಇರಲೇಬಾರದು. ಆ ಒಂದು ಪ್ರಶ್ನೆಯನ್ನು ಕಂಡರೆ ಸಾಲಿನಲ್ಲಿ ನಿಂತವರು ಹಿಂದಿರುಗುತ್ತಾರೆ. ಪರೀಕ್ಷೆಯಲ್ಲಿ ದೋಷ ಕಂಡವರಿಗೆ, ಆದಾಯಕ್ಕೆ ತಕ್ಕ ಶುಲ್ಕ ಪಡೆದು ನೋಡುವ, ಕೇಂದ್ರ ಸರ್ಕಾರದ ನೆರವಿನ ಸಮುದಾಯ ಆರೋಗ್ಯ ಕೇಂದ್ರದ ವಿಳಾಸವನ್ನು ಅಲ್ಲೇ ಬರೆದುಕೊಡಬೇಕು. ಸಾಧ್ಯವಿದ್ದರೆ ಅಲ್ಲಿಂದಲೇ ದೂರವಾಣಿ ಮಾಡಿ ಭೇಟಿಯ ದಿನವನ್ನೂ ಗೊತ್ತುಮಾಡಿ ಕಳುಹಿಸಬೇಕು.

ತಮ್ಮ ವಿಶ್ವಾಸಿ,
ಮೂತ್ರಪಿಂಡ ರೋಗಿಗಳ ಆಹಾರ ಸಲಹೆಗಾರ್ತಿ, ಟೆಕ್ಸಾಸ್
(ಮೂಲತಃ ಹಾಸನ ಜಿಲ್ಲೆ)